ರೈಲಿನೊಳಗಿನ ಸುರಂಗ

"ಅಪ್ಪಾ, ನಾನು ಹಾಕ್ತೀನಿ! ಮೊದಲ್ನೇ ಸಲ ನಾನೇ ಬೀಗ ಹಾಕ್ತೀನಿ!"

ನೆವೆನಾ ನಿಂತಲ್ಲೇ ಕುಣಿಯುತ್ತಿದ್ದಳು. ವೆಲ್ಡಿಂಗ್ ಕೆಲಸದ ಮಿತ್ಕೊ ಮಾಮ ಕೊನೆಯ ಬೋಲ್ಟು ಬಿಗಿದು, ಗೇಟನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತೂಗಿ ನೋಡಿದ. ಅವನಿಗಿಂತ ಎತ್ತರದ ಕಬ್ಬಿಣದ ಗೇಟು. ಹಸಿರು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಮುಟ್ಬೇಡ ತಾಯಿ, ಕೋಟಿಗೆ ಹತ್ತುತ್ತೆ," ಎಂದ ಮಿತ್ಕೊ ಮಾಮ. "ಆಮೇಲೆ ನಿಮ್ಮಮ್ಮನ ಮಂಗಳಾರತಿ ನನಗೆ."

ಅಪ್ಪ ನಗುತ್ತ ಜೇಬಿನಿಂದ ಹೊಸ ಕೀಲಿ ತೆಗೆದು ಕೊಟ್ಟ. ನೆವೆನಾ ಅದನ್ನು ಬೀಗದೊಳಗೆ ತೂರಿಸಿ ಎರಡು ಸುತ್ತು ತಿರುಗಿಸಿದಳು.

ಟಕ್. ಟಕ್.

ಎಂಥ ಸದ್ದು! ಕೋಟೆಯ ಬಾಗಿಲು ಮುಚ್ಚಿದ ಹಾಗೆ.

"ಇದು ನಿಂದು. ಕಳ್ಕೋಬೇಡ," ಎಂದ ಅಪ್ಪ. ನೆವೆನಾ ಕೀಲಿಗೆ ಕೆಂಪು ಉಣ್ಣೆಯ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ತರಗತಿಯಲ್ಲಿ ಯಾರ ಹತ್ತಿರವೂ ಇಂಥದ್ದೊಂದು ಇರಲಿಲ್ಲ.

ನೆವೆನಾಳ ಮನೆ ಇದ್ದದ್ದು ಎಂಟು ಮಹಡಿಯ ಒಂದು ಉದ್ದನೆಯ ಕಟ್ಟಡದಲ್ಲಿ. ಅದಕ್ಕೆ ಹದಿನಾರು ಬಾಗಿಲು, ಒಂದೊಂದು ಬಾಗಿಲಿಗೂ ಬೇರೆ ಮೆಟ್ಟಿಲು, ಬೇರೆ ಮನೆಗಳು. ಅದು ಎಷ್ಟು ಉದ್ದವೆಂದರೆ ಡ್ಯಾನ್ಯೂಬ್ ನದಿಯ ದಂಡೆಯ ಇಡೀ ರೂಸೆ ಊರೇ ಅದನ್ನು 'ರೈಲು' ಎಂದು ಕರೆಯುತ್ತಿತ್ತು. ರೈಲಿನ ಮುಂದೆ ಶಾಲೆ, ಮಾರ್ಕೆಟ್ಟು, ಟ್ರಾಲಿಬಸ್ಸಿನ ಸ್ಟಾಪು. ಹಿಂದೆ ದೊಡ್ಡ ಅಂಗಳ, ಅಂಗಳದಾಚೆ ನಾಲ್ಕು ಬ್ಲಾಕುಗಳು. ಆ ನಾಲ್ಕು ಬ್ಲಾಕಿನವರು ಮುಂದಿನ ರಸ್ತೆಗೆ ಬರಬೇಕಾದರೆ ಕಟ್ಟಡದ ಹೊಟ್ಟೆಯೊಳಗೇ ಒಂದು ದಾರಿ ಇತ್ತು. ಇಪ್ಪತ್ತು ಹೆಜ್ಜೆಯ ದಾರಿ. ಮಕ್ಕಳು ಅದಕ್ಕೆ ಸುರಂಗ ಎನ್ನುತ್ತಿದ್ದರು. ಬೇರೆ ಕಡೆ ಸುರಂಗದೊಳಗೆ ರೈಲು ಹೋಗುತ್ತದೆ, ನಮ್ಮಲ್ಲಿ ರೈಲಿನೊಳಗೇ ಸುರಂಗ ಇದೆ ಎಂದು ನಗುತ್ತಿದ್ದರು.

ಈಗ ಅದೇ ಸುರಂಗದ ಹಿಂಬದಿಗೆ ಗೇಟು ಬಂದಿತ್ತು.

ಮೊನ್ನೆ ಮೆಟ್ಟಿಲ ಮೇಲೆ ಕೂತು ರೈಲಿನವರೆಲ್ಲ ಮೀಟಿಂಗ್ ಮಾಡಿದ್ದರು. ಸುರಂಗದಲ್ಲಿ ರಾತ್ರಿ ಹುಡುಗರು ಮೋಟರ್‌ಬೈಕ್ ಗುರ್‌ಗುಟ್ಟಿಸುತ್ತಾರೆ ಎಂದರು. ಬಲ್ಬು ಒಡೆಯುತ್ತಾರೆ ಎಂದರು. ಸುರಂಗದ ಮೇಲಿನ ಮನೆಯ ಪೆನ್ಕಾ ಅಜ್ಜಿ, "ಡ್ಯಾನ್ಯೂಬ್ ನದಿಯ ಗಾಳಿ ಎಲ್ಲ ನನ್ನ ಮಂಚದ ಕೆಳಗೇ ಬಂದು ಮಲಗುತ್ತೆ," ಎಂದು ಕೂಗಿದಳು. ಅಪ್ಪ ಅವರ ಬಾಗಿಲಿನ ಮುಖಂಡ. ಬೇರೆ ಯಾರೂ ಒಪ್ಪದೆ ಅವನ ತಲೆಗೆ ಕಟ್ಟಿದ ಕೆಲಸ ಅದು. ಪ್ರತಿ ಶನಿವಾರ ಸುರಂಗವನ್ನು ಗುಡಿಸಿ, ದಾರಿಹೋಕರು ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಬಕೆಟ್ಟಿಗೆ ತುಂಬುತ್ತಿದ್ದವನೂ ಅವನೇ.

"ಇನ್ಮೇಲೆ ಈ ಸಿಪ್ಪೆ ಇರಲ್ಲ," ಎಂದ ಅಪ್ಪ, ಗೇಟನ್ನು ಹೆಮ್ಮೆಯಿಂದ ನೋಡುತ್ತ.

ಅಷ್ಟರಲ್ಲಿ ಗೇಟಿನ ಆ ಕಡೆ ಒಂದು ಮುಖ ಕಾಣಿಸಿತು. ಹನ್ನೊಂದನೇ ಬ್ಲಾಕಿನ ಬಿಲ್ಯಾನಾ, ನೆವೆನಾಳ ಜೀವದ ಗೆಳತಿ. ಕೈಯಲ್ಲಿ ಬ್ರೆಡ್ಡಿನ ಚೀಲ.

"ಇದೇನೇ, ಜೈಲಾ?"

"ಗೇಟು! ನೋಡು, ನನ್ ಹತ್ರ ಕೀ ಇದೆ!" ನೆವೆನಾ ದಾರ ಎತ್ತಿ ತೋರಿಸಿದಳು.

"ಅಬ್ಬಾ ಮಹಾರಾಣಿ! ಹಾಗಾದ್ರೆ ತೆಗೀರಿ."

"ಪಾಸ್ ಎಲ್ಲಿ?"

"ಪಾಸಾ? ತಗೋ," ಎಂದು ಬಿಲ್ಯಾನಾ ಕಂಬಿಗಳ ನಡುವೆ ನಾಲಿಗೆ ಚಾಚಿದಳು.

ಇಬ್ಬರೂ ಬಿದ್ದುಬಿದ್ದು ನಕ್ಕರು. ನೆವೆನಾ ಬೀಗ ತೆಗೆದಳು. ಟಕ್, ಟಕ್. ಆ ಶನಿವಾರ ಅವಳು ಅದನ್ನು ಕಡಿಮೆ ಎಂದರೂ ಮೂವತ್ತು ಸಲ ತೆಗೆದು ಹಾಕಿರಬಹುದು.

*

ಸೋಮವಾರ ಬೆಳಿಗ್ಗೆ ಬಿಲ್ಯಾನಾ ಎಂದಿನಂತೆ ಅಂಗಳ ದಾಟಿ ಬಂದಳು. ಎರಡನೇ ಕ್ಲಾಸಿನಿಂದಲೂ ಇಬ್ಬರೂ ಸೇರುತ್ತಿದ್ದದ್ದು ಸುರಂಗದಲ್ಲೇ. ಅಲ್ಲಿಂದ ಶಾಲೆಯ ಗಂಟೆ ಹೊಡೆಯುವವರೆಗೆ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ.

ನೆವೆನಾ ಗೇಟು ತೆಗೆದಳು. ಬಿಲ್ಯಾನಾ ಒಳಗೆ ಬಂದಳು. ಅವಳ ಹಿಂದೆ ಬ್ರೀಫ್‌ಕೇಸಿನ ಅಂಕಲ್ ಬಂದರು.

"ಒಂದ್ ನಿಮಿಷ ಮಗೂ, ಹಿಡ್ಕೋ ಹಿಡ್ಕೋ!"

ಅವರ ಹಿಂದೆ ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಹೆಂಗಸು. ಅವಳ ಹಿಂದೆ ಸೈಕಲ್ಲು, ನಾಯಿ, ನಾಯಿಯ ಯಜಮಾನ. ಆಮೇಲೆ ಆರನೇ ಕ್ಲಾಸಿನ ಒಂದು ದಂಡೇ ಬಂತು.

"ಓಡ್ರೋ, ಗೇಟ್ ತೆಗ್ದಿದೆ!"

ನೆವೆನಾ ಮುಚ್ಚಬೇಕೆಂದು ಎಳೆದಾಗಲೆಲ್ಲ ಇನ್ನೊಬ್ಬರ ಬೂಟು ಅಡ್ಡ ಬರುತ್ತಿತ್ತು. ಬಿಲ್ಯಾನಾಗೆ ನಗು ತಡೆಯಲಾಗಲಿಲ್ಲ. "ಟಿಕೆಟ್, ಟಿಕೆಟ್!" ಎಂದು ಕೂಗುತ್ತ ಎಲ್ಲರ ಬೆನ್ನು ತಟ್ಟಿದಳು. ಎಂಥ ಗಲಾಟೆ! ನಗುತ್ತ ನಗುತ್ತ ನೆವೆನಾಗೆ ಬಿಕ್ಕಳಿಕೆ ಬಂತು.

ಮೇಲೆ ಕಿಟಕಿ ತೆರೆಯಿತು. ಪೆನ್ಕಾ ಅಜ್ಜಿಯ ತಲೆ ಹೊರಬಂತು.

"ಗೇಟ್ ಹಾಕ್ಸಿದ್ದು ಇದಕ್ಕೇನೇ? ನಿಮ್ಮಪ್ಪ ಬರ್ಲಿ, ಹೇಳ್ತೀನಿ!"

ಹೇಳಿಯೂ ಹೇಳಿದಳು. ಸಂಜೆ ಅಪ್ಪ ಬೂಟು ಬಿಚ್ಚುತ್ತ ಅಂದ, "ನೆವೆ, ಕೀ ಆಟದ ಸಾಮಾನಲ್ಲ. ಎಲ್ಲರೂ ಸೇರಿ ಮಾಡಿದ ರೂಲ್ಸು. ರೈಲಿನವರು ಮಾತ್ರ. ನಾನೇ ಮುಂದೆ ನಿಂತು ಮಾಡ್ಸಿ, ನನ್ ಮಗಳೇ ಮುರಿದ್ರೆ ಜನ ಏನಂತಾರೆ?"

"ಬಿಲ್ಯಾ ಒಬ್ಬಳೇ ಅಪ್ಪ. ಒಬ್ಬಳು."

"ಒಬ್ಬಳಿಗೆ ತೆಗೆದಾಗ ಏನಾಯ್ತು ಅಂತ ಇವತ್ತು ನೋಡ್ದೆಯಲ್ಲ."

ನಿಜವಾಗಿಯೂ ಹಾಗೆಯೇ ಆಗಿತ್ತು.

*

ಮಂಗಳವಾರ ಅವಳು ಸುರಂಗಕ್ಕೆ ಬಂದಾಗ ಬಿಲ್ಯಾನಾ ಕಂಬಿಯ ಆಚೆ ಕಾಯುತ್ತಿದ್ದಳು.

"ಬೇಗ ತೆಗಿಯೇ. ಮ್ಯಾಥ್ಸ್ ಹೋಮ್‌ವರ್ಕ್ ಕಾಪಿ ಮಾಡ್ಬೇಕು."

ನೆವೆನಾ ಕೊರಳಿನ ದಾರ ಹಿಡಿದುಕೊಂಡಳು. ಮೇಲೆ ಪೆನ್ಕಾ ಅಜ್ಜಿಯ ಪರದೆ ಅಲುಗಾಡಿತು.

"ಅಪ್ಪ ಬೇಡ ಅಂದಿದ್ದಾನೆ."

"ಯಾರಿಗೆ?"

"ಎಲ್ಲರಿಗೂ."

"ನಂಗೂನಾ?"

ನೆವೆನಾ ಕೀಲಿಯನ್ನು ಕೋಟಿನೊಳಗೆ ಇಳಿಬಿಟ್ಟಳು. ಬಿಲ್ಯಾನಾ ಅವಳನ್ನೇ ನೋಡಿದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಬಿಲ್ಯಾನಾ ಜಗಳದಲ್ಲಿ ಜೋರು. ಆದರೆ ಅವಳು "ಸರಿ" ಎಂದಷ್ಟೇ ಹೇಳಿ ತಿರುಗಿ ನಡೆದಳು. ಕೆಂಪು ಬ್ಯಾಗು ಅಂಗಳದಲ್ಲಿ ಚಿಕ್ಕದಾಗುತ್ತ ಹೋಯಿತು.

ರೈಲಿನ ಒಂದು ತುದಿಗೆ ಗ್ಯಾರೇಜುಗಳು, ಅವುಗಳಿಗೆ ಅಂಟಿಕೊಂಡು ಹಳೇ ಫ್ಯಾಕ್ಟರಿಯ ಗೋಡೆ. ಆ ಕಡೆ ದಾರಿಯಿಲ್ಲ. ಇನ್ನೊಂದು ತುದಿಯವರೆಗೆ ನಡೆದು, ದೊಡ್ಡ ರಸ್ತೆಯ ಅಂಚಿನಲ್ಲಿ ಸುತ್ತಿ, ಮತ್ತೆ ಅಷ್ಟೇ ದೂರ ಹಿಂದೆ ಬರಬೇಕು. ಅಲ್ಲಿ ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸಿರುತ್ತಾರೆ, ಜನ ರಸ್ತೆಗೆ ಇಳಿದೇ ನಡೆಯಬೇಕು. ಬಿಲ್ಯಾನಾ ಮೂರು ನಿಮಿಷದ ದಾರಿಗೆ ಹದಿನೇಳು ನಿಮಿಷ ತೆಗೆದುಕೊಂಡಳು. ಕ್ಲಾಸಿಗೆ ಬಂದಾಗ ಅವಳ ಸಾಕ್ಸು ಒದ್ದೆಯಾಗಿತ್ತು. ಲಾರಿಯೊಂದು ಕೆಸರು ಹಾರಿಸಿತ್ತು.

ಬುಧವಾರದಿಂದ ಅವಳು ಕಾರಿನಲ್ಲಿ ಬರತೊಡಗಿದಳು. ಅವಳಮ್ಮ ಮಿಲೆನಾ ಆಂಟಿ ಶಾಲೆಯ ಗೇಟಿಗೆ ಬಿಟ್ಟು ಹೋಗುತ್ತಿದ್ದಳು. ಬಿಲ್ಯಾನಾ ಒಬ್ಬಳೇ ಅಲ್ಲ. ಬ್ರೀಫ್‌ಕೇಸಿನ ಅಂಕಲ್ ಕಾರಿನಲ್ಲಿ ಬಂದರು. ತಳ್ಳುಗಾಡಿಯ ಹೆಂಗಸೂ ಕಾರಿನಲ್ಲಿ ಬಂದಳು. ಆರನೇ ಕ್ಲಾಸಿನ ದಂಡು ಒಬ್ಬೊಬ್ಬರಾಗಿ ಬೇರೆ ಬೇರೆ ಕಾರುಗಳಿಂದ ಇಳಿಯಿತು. ಶಾಲೆಯ ಮುಂದೆ ಹಾರನ್ನು, ಹೊಗೆ.

ನೆವೆನಾಗೆ ಸುರಂಗದಲ್ಲಿ ಯಾರೂ ಸಿಗಲಿಲ್ಲ. ಅಲ್ಲಿ ಸಿಪ್ಪೆಯೂ ಇರಲಿಲ್ಲ. ಅವಳು ತನ್ನ ಬೂಟಿನ ಸದ್ದು ಕೇಳುತ್ತ ನಿಂತಳು. ಇಪ್ಪತ್ತು ಹೆಜ್ಜೆಯ ಸುರಂಗದಲ್ಲಿ ಇಷ್ಟೊಂದು ಸದ್ದಿಲ್ಲದ ಜಾಗ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

*

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸಿಡಿಮಿಡಿ ಎನ್ನುತ್ತಿದ್ದ. ಅವನು ಟ್ರಾಲಿಬಸ್ ಓಡಿಸುವವನು; ಮೇಲಿನ ಕರೆಂಟ್ ತಂತಿ ಬಿಟ್ಟು ಅದು ಪಕ್ಕಕ್ಕೆ ಹೋಗಲಾರದು.

"ಶಾಲೆ ಹತ್ರ ಇವತ್ತೂ ಹನ್ನೆರಡು ನಿಮಿಷ ನಿಂತೆ! ಬಸ್ಸು ತುಂಬ ಜನ ನನ್ನ ಬೆನ್ನಿಗೇ ಬೈತಾರೆ. ಮುಂದೆ ಸಾಲಾಗಿ ಕಾರು. ಒಂದು ಕಾರಿಗೆ ಒಂದು ಮಗು. ಈ ವಾರ ಜನಕ್ಕೆ ಏನಾಗಿದೆಯೋ! ಕಾಲು ಬಿದ್ದುಹೋಗಿದೆಯಾ?"

ನೆವೆನಾ ಸೂಪಿನ ಚಮಚ ಕೆಳಗಿಟ್ಟಳು. ಹೇಳಲೇ ಎಂದುಕೊಂಡಳು. ಅಪ್ಪನ ಮುಖ ದಣಿದಿತ್ತು. ಅಮ್ಮ ಅವನ ಬಟ್ಟಲಿಗೆ ಇನ್ನಷ್ಟು ಸೂಪು ಬಡಿಸಿ, "ನಾಳೆ ಗೋಧಿ ನೆನೆಹಾಕ್ಬೇಕು," ಎಂದಳು.

ಶನಿವಾರಕ್ಕೆ ಗೆನಾ ಅಜ್ಜಿ ತೀರಿಕೊಂಡು ಒಂದು ವರ್ಷ. ಆ ದಿನ ಅವಳ ಹೆಸರಿನಲ್ಲಿ ಜನರಿಗೆ ಬೇಯಿಸಿದ ಗೋಧಿ ಹಂಚಬೇಕು.

ಅಜ್ಜಿ ಅಪ್ಪನ ಅಮ್ಮ. ಅಂಗಳದ ಆಚೆ ಮಕ್ಕಳ ಅಡುಗೆಮನೆ ಎಂದೊಂದು ಇದೆ. ಬೆಳಿಗ್ಗೆ ಅಪ್ಪ ಅಮ್ಮಂದಿರು ಡಬ್ಬ ತಂದು ಪುಟ್ಟ ಮಕ್ಕಳಿಗೆ ಗಂಜಿ, ಸೂಪು ತೆಗೆದುಕೊಂಡು ಹೋಗುತ್ತಾರೆ. ಅಜ್ಜಿ ಇಪ್ಪತ್ತೊಂಬತ್ತು ವರ್ಷ ಅಲ್ಲಿ ಸೌಟು ಹಿಡಿದಿದ್ದಳು.

ನೆವೆನಾಳ ಮನೆಯ ಅಡುಗೆಮನೆಯಲ್ಲಿ, ಗೋಡೆಯ ಮೇಲೆ, ಅವಳೇ ಬರೆದ ಒಂದು ಚಿತ್ರ ಇತ್ತು. ಎರಡು ಚಳಿಗಾಲದ ಹಿಂದಿನದು. ಎಂಟನೇ ಮಹಡಿಯ ಅದೇ ಅಡುಗೆಮನೆಯ ಕಿಟಕಿಯಿಂದ ಕಂಡ ಅಂಗಳ, ಅದರ ತುಂಬ ಹಿಮ. ಹಿಮದ ಮೇಲೆ ಜನರ ಹೆಜ್ಜೆಗಳು ನಾಲ್ಕು ಬ್ಲಾಕಿನಿಂದ ನಾಲ್ಕು ಗೆರೆಯಾಗಿ ಹೊರಟು, ದಾರಿಯಲ್ಲಿ ಒಂದಕ್ಕೊಂದು ಕೂಡಿ, ಕೊನೆಗೆ ಒಂದೇ ದಪ್ಪ ಗೆರೆಯಾಗಿ ಸುರಂಗದೊಳಗೆ ಹೋಗಿದ್ದವು. ಮೂಲೆ ಮೂಲೆಗೆ ತಿರುಗುವ ಸಿಮೆಂಟಿನ ದಾರಿಯನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಇದೇನು, ಮರಾನಾ?" ಎಂದು ಕೇಳಿದ್ದಳು ಅಜ್ಜಿ ಕನ್ನಡಕ ಏರಿಸಿ.

"ಅಲ್ಲಜ್ಜಿ, ಅಂಗಳ. ಜನ ನಡೆದಿದ್ದು."

ಅಜ್ಜಿ ಕಿಟಕಿ ನೋಡಿದಳು, ಚಿತ್ರ ನೋಡಿದಳು. "ಎಂಜಿನಿಯರ್ರು ಸ್ಕೇಲ್ ಇಟ್ಟು ದಾರಿ ಬರೆದ. ಜನರ ಬೂಟು ಅದನ್ನ ತಿದ್ದಿದೆ ನೋಡು," ಎಂದು ಹೊಟ್ಟೆ ಅಲುಗುವಂತೆ ನಕ್ಕಿದ್ದಳು.

ಶುಕ್ರವಾರ ಸಂಜೆ ಅಪ್ಪ ನೆನಪಿನ ಚೀಟಿ ಹಿಡಿದು ಕೆಳಗೆ ಹೋದ. ಮೇಲೆ ಅಜ್ಜಿಯ ಫೋಟೊ, ಕೆಳಗೆ ಎರಡು ಸಾಲು. ಒಂದನ್ನು ಮನೆಯ ಬಾಗಿಲಿಗೆ ಅಂಟಿಸಿದ, ಒಂದನ್ನು ಸುರಂಗದ ಗೋಡೆಗೆ. ತೀರಿಕೊಂಡವರ ಚೀಟಿಗಳೆಲ್ಲ ಸುರಂಗದ ಗೋಡೆಯ ಮೇಲೇ ಇರುತ್ತಿದ್ದವು. ಜನ ಹೋಗುತ್ತ ಒಂದು ಗಳಿಗೆ ನಿಂತು ಓದಿ, ಟೋಪಿ ತೆಗೆದು, ಮತ್ತೆ ಹೋಗುತ್ತಿದ್ದರು.

"ಬೇರೆ ಬ್ಲಾಕಿಗೆಲ್ಲ ಅಂಟಿಸ್ಬೇಕಾ ಅಪ್ಪ?" ನೆವೆನಾ ಅಂಟಿನ ಡಬ್ಬ ಹಿಡಿದು ಕೇಳಿದಳು.

"ಯಾಕೆ? ಎಲ್ಲರೂ ಇಲ್ಲೇ ತಾನೇ ಹೋಗೋದು?" ಎಂದ ಅಪ್ಪ, ಚೀಟಿಯ ಮೂಲೆಯನ್ನು ಬೆರಳಿನಿಂದ ಒತ್ತುತ್ತ.

ನೆವೆನಾ ಗೇಟಿನ ಕಡೆ ನೋಡಿದಳು. ಅಪ್ಪ ನೋಡಲಿಲ್ಲ.

ಆ ರಾತ್ರಿ ಹಿಮ ಬಿತ್ತು.

*

ಶನಿವಾರ ಎಂಟಕ್ಕೇ ಅಪ್ಪ ಸುರಂಗದಲ್ಲಿ ಮೇಜು ಹಾಕಿದ್ದ. ಬಿಳಿ ಬಟ್ಟೆ, ಅಜ್ಜಿಯ ಫೋಟೊ, ಒಂದು ಮೇಣದಬತ್ತಿ. ಬೇಯಿಸಿದ ಗೋಧಿಗೆ ಅಮ್ಮ ಸಕ್ಕರೆಪುಡಿ, ಆಕ್ರೋಟು, ಬಿಸ್ಕತ್ತಿನ ಪುಡಿ ಬೆರೆಸಿ ಕಾಗದದ ಲೋಟಗಳಿಗೆ ತುಂಬಿದ್ದಳು. ಇನ್ನೂರು ಲೋಟ. ಅಜ್ಜಿಯ ಹೆಸರಿನಲ್ಲಿ ಅದನ್ನು ಜನರಿಗೆ ಹಂಚಿ, ಹನ್ನೊಂದಕ್ಕೆ ಸ್ಮಶಾನಕ್ಕೆ ಹೋಗಬೇಕು.

"ಅಮ್ಮ ಹೋದ ನಲವತ್ತನೇ ದಿನ ಹಂಚಿದ್ದು ನೆನಪಿದೆಯಾ?" ಎಂದ ಅಪ್ಪ ಕೈ ಉಜ್ಜಿಕೊಳ್ಳುತ್ತ. "ಅರ್ಧ ಗಂಟೇಲಿ ಖಾಲಿ! ಕೊನೆಗೆ ನಮಗೇ ಉಳೀಲಿಲ್ಲ. ಇವತ್ತಂತೂ ಮಾರ್ಕೆಟ್ ದಿನ."

ಪೆನ್ಕಾ ಅಜ್ಜಿ ಇಳಿದು ಬಂದು ಒಂದು ಲೋಟ ತೆಗೆದುಕೊಂಡು, "ದೇವರು ಅವಳನ್ನ ಮನ್ನಿಸ್ಲಿ," ಎಂದು ಶಿಲುಬೆಯ ಗುರುತು ಮಾಡಿ ಮೇಲೆ ಹೋದಳು. ಮಿತ್ಕೊ ಮಾಮ ಒಂದು ತೆಗೆದುಕೊಂಡ. ಪಕ್ಕದ ಬಾಗಿಲಿನ ಗಂಡ ಹೆಂಡತಿ ಎರಡು.

ಎಂಟೂವರೆ ಆಯಿತು.

"ಹಿಮ ಬಿದ್ದಿದೆಯಲ್ಲ. ನಿಧಾನಕ್ಕೆ ಏಳ್ತಾರೆ," ಎಂದ ಅಪ್ಪ.

ಒಂಬತ್ತು ಆಯಿತು. ನಾಲ್ಕು ಲೋಟದ ಜಾಗ ಮಾತ್ರ ಖಾಲಿ. ಗೋಧಿಯ ಮೇಲಿನ ಸಕ್ಕರೆಪುಡಿ ತೇವಕ್ಕೆ ಕರಗತೊಡಗಿತು. ಅಪ್ಪ ಲೋಟಗಳನ್ನು ಸಾಲಾಗಿ ಜೋಡಿಸಿದ. ಮತ್ತೆ ಬೇರೆ ರೀತಿ ಜೋಡಿಸಿದ.

"ಬರ್ತಾರೆ," ಎಂದ. "ಅಮ್ಮನ ಕೈಯೂಟ ತಿಂದವರು, ಬರದೆ ಇರ್ತಾರಾ?"

ನೆವೆನಾ ಗೇಟಿನ ಕಡೆ ನೋಡಿದಳು, ಅಷ್ಟೇ. ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನೂ ಆ ಕಡೆ ನೋಡಿದ.

ಅವನು ಮೆಲ್ಲನೆ ನಡೆದು ಹೋಗಿ ಕಂಬಿ ಹಿಡಿದು ನಿಂತ. ಗೇಟಿನಾಚೆ ಅಂಗಳ ಬಿಳೀ ಹಾಳೆಯ ಹಾಗೆ ಹರಡಿತ್ತು. ಒಂದೇ ಒಂದು ಬೂಟಿನ ಗುರುತಿಲ್ಲ. ಎಲ್ಲಿಂದಲೋ ಬಂದ ಒಂದು ಬೆಕ್ಕಿನ ಹೆಜ್ಜೆ ಮಾತ್ರ ಕಂಬಿಯ ನಡುವೆ ನುಸುಳಿ ಒಳಗೆ ಬಂದಿತ್ತು. ದೂರದಲ್ಲಿ ನಾಲ್ಕು ಬ್ಲಾಕುಗಳ ಚಿಮಣಿಗಳು ಹೊಗೆಯಾಡುತ್ತಿದ್ದವು.

ಅಪ್ಪನ ಉಸಿರು ಆವಿಯಾಗಿ ಗೇಟಿನ ಆ ಕಡೆ ಹೋಗುತ್ತಿತ್ತು.

ನೆವೆನಾ ಕೊರಳಿನಿಂದ ದಾರ ತೆಗೆದಳು. ಅಪ್ಪನ ಪಕ್ಕ ಬಂದು ಕೀಲಿಯನ್ನು ಬೀಗದ ಹತ್ತಿರ ಹಿಡಿದು ಅವನ ಮುಖ ನೋಡಿದಳು. ಅಪ್ಪ ಕಂಬಿಯಿಂದ ಕೈ ತೆಗೆದ.

ಟಕ್. ಟಕ್.

ಅವಳು ಓಡಿದಳು!

ಮೊಣಕಾಲುದ್ದದ ಹಿಮ. ಒಂದು ಹೆಜ್ಜೆ ಹೂತರೆ ಇನ್ನೊಂದು ಹಾರಬೇಕು. ಎರಡು ಸಲ ಬಿದ್ದಳು, ಟೋಪಿ ಹಾರಿತು, ಒಂದು ಕೈಗವಸು ಎಲ್ಲೋ ಉಳಿಯಿತು. ಹನ್ನೊಂದನೇ ಬ್ಲಾಕಿನ ಬಾಗಿಲಿಗೆ ಬಂದವಳೇ ಬೆಲ್ಲುಗಳ ಫಲಕದ ಮೇಲೆ ಇಡೀ ಮುಂಗೈ ಇಟ್ಟು ಒತ್ತಿಬಿಟ್ಟಳು.

"ಯಾರು?" "ಯಾರದು?" "ಬೆಳಿಗ್ಗೆ ಬೆಳಿಗ್ಗೆ ಯಾವ ಕೋತಿ ಇದು?" ಫಲಕದ ಸ್ಪೀಕರಿನಿಂದ ಒಟ್ಟಿಗೆ ಹತ್ತು ದನಿ ಬಂದವು.

"ಗೆನಾ ಅಜ್ಜಿಯ ಗೋಧಿ!" ನೆವೆನಾ ಏದುಸಿರು ಬಿಡುತ್ತ ಕೂಗಿದಳು. "ಮಕ್ಕಳ ಅಡುಗೆಮನೆ ಗೆನಾ ಅಜ್ಜಿ! ಇವತ್ತಿಗೆ ವರ್ಷ! ಸುರಂಗದಲ್ಲಿ ಕೊಡ್ತಿದೀವಿ, ಬನ್ನಿ, ಎಲ್ಲರೂ ಬನ್ನಿ!"

"ಅಯ್ಯೋ, ಗೆನಾದಾ? ಆಗಲೇ ವರ್ಷ ಆಯ್ತಾ? ಗೊತ್ತೇ ಆಗ್ಲಿಲ್ವಲ್ಲ!" ಎಂದಿತು ಒಂದು ಮುದಿ ದನಿ.

"ಸುರಂಗ ಮುಚ್ಚಿದೆಯಲ್ಲ ಮಗೂ?" ಇನ್ನೊಂದು ದನಿ.

"ತೆಗ್ದಿದೆ! ತೆಗ್ದಿದೆ!"

ಆಗ ಫಲಕದಿಂದ ಗುರುತಿನ ದನಿಯೊಂದು ಬಂತು. "ನೆವೆ? ನಿಜ್ವಾಗ್ಲೂ ತೆಗ್ದಿದೆಯಾ?"

"ಹೂಂ ಬಿಲ್ಯಾ."

"ಯಾರಿಗೆ?"

"ಎಲ್ಲರಿಗೂ."

ಫಲಕ ಗರಗರ ಎಂದಿತು. ಆಮೇಲೆ, "ಇವತ್ತಿಗೆ ಮಾತ್ರಾನಾ?"

ನೆವೆನಾ ಬಾಯಿ ತೆರೆದಳು. ಅವಳಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಗೊತ್ತಿಲ್ಲ," ಎಂದಳು. "ಮಂಗಳವಾರ ನಾನು ತೆಗೀಬೇಕಿತ್ತು."

ಫಲಕ ಸುಮ್ಮನಾಯಿತು. ಹೋದಳು ಎಂದುಕೊಂಡಳು ನೆವೆನಾ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಗಿ ಬಾಗಿಲು ತೆರೆದುಕೊಂಡಿತು. ಬಿಲ್ಯಾನಾ! ಒಂದು ಕಾಲಲ್ಲಿ ಹಳದಿ ಸಾಕ್ಸು, ಒಂದು ಕಾಲಲ್ಲಿ ನೀಲಿ, ಬೂಟಿನ ಲೇಸು ಕಟ್ಟಿಯೇ ಇಲ್ಲ.

"ನೀನು ಹತ್ತು ಮತ್ತು ಹನ್ನೆರಡನೇ ಬ್ಲಾಕು. ನಾನು ಹದಿಮೂರು," ಎಂದಳು. "ಮೊದಲು ಮುಗಿಸ್ದೋರು ಗೆದ್ದಂಗೆ. ನೀನು ಸೋಲ್ತೀಯ. ನೀನು ಆಮೆ."

"ಆಮೆ ನಿಮ್ಮಪ್ಪ!"

ಇಬ್ಬರೂ ಎರಡು ಕಡೆಗೆ ಹಾರಿದರು.

*

ಜನ ಬಂದರು. ಮೊದಲು ಇಬ್ಬರು, ಆಮೇಲೆ ಹತ್ತು, ಆಮೇಲೆ ಸಾಲು. ಮಾರ್ಕೆಟ್ಟಿನ ಚೀಲ ಹಿಡಿದು ಬಂದರು, ಚಪ್ಪಲಿಯಲ್ಲೇ ಬಂದರು, ಹಿಮದ ಬಂಡಿಯಲ್ಲಿ ಮಕ್ಕಳನ್ನು ಎಳೆದುಕೊಂಡು ಬಂದರು. ಸುರಂಗದಲ್ಲಿ ಗಿಜಿಗಿಜಿ. ಎಲ್ಲರೂ ಲೋಟ ತೆಗೆದುಕೊಂಡು, "ದೇವರು ಮನ್ನಿಸ್ಲಿ," ಎಂದು ಫೋಟೊ ನೋಡಿ ಒಂದು ಗಳಿಗೆ ನಿಂತರು.

ಬಾಗಿಲಿನಷ್ಟೇ ಅಗಲವಾಗಿದ್ದ ಮೀಸೆಯ ಮನುಷ್ಯನೊಬ್ಬ ಗೋಧಿ ಬಾಯಿಗೆ ಹಾಕಿಕೊಂಡು ಅಂದ, "ನಿಮ್ಮಮ್ಮ ಕೊಟ್ಟ ಕ್ಯಾರೆಟ್ ಗಂಜಿ ಉಗೀತಿದ್ನಂತೆ ನಾನು. ಉಗಿದಷ್ಟೂ ಡಬ್ಬಕ್ಕೆ ಇನ್ನೊಂದು ಸೌಟು ಹಾಕ್ತಿದ್ಲಂತೆ. ಅದಕ್ಕೇ ಹೀಗಾಗಿದೀನಿ ನೋಡಿ!"

ಜನ ನಕ್ಕರು. ಅಪ್ಪನೂ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ.

ಮಿಲೆನಾ ಆಂಟಿ ಲೋಟ ತೆಗೆದುಕೊಂಡು ಅಪ್ಪನಿಗೆ ಮೆಲ್ಲನೆ ಹೇಳಿದಳು, "ಅಸೆನ್, ಈ ವಾರ ನಿಮ್ಮ ಟ್ರಾಲಿಬಸ್ಸಿನ ಮುಂದೆ ಅಡ್ಡ ನಿಂತಿದ್ದ ನೀಲಿ ಕಾರು ನಂದೇ. ನೀವು ಕೈ ಎತ್ತಿ ಬೈತಿದ್ದದ್ದು ಕನ್ನಡೀಲಿ ಕಾಣ್ತಿತ್ತು. ನಡೆದು ಹೋಗೋ ಹುಡುಗಿನ ಕಾರಲ್ಲಿ ಕೂರಿಸೋಕೆ ನನಗೇನು ಹುಚ್ಚಾ, ಹೇಳಿ."

ಅಪ್ಪನ ಕೈ ಲೋಟದ ಮೇಲೆ ಹಾಗೇ ನಿಂತಿತು. ಅವನು ಅವಳನ್ನು ನೋಡಿದ, ಸಾಲಿನಲ್ಲಿ ನಿಂತವರನ್ನು ನೋಡಿದ. ಬ್ರೀಫ್‌ಕೇಸಿನ ಅಂಕಲ್ ತಲೆ ತಗ್ಗಿಸಿ ಗೋಧಿಯನ್ನೇ ಗಮನವಿಟ್ಟು ತಿನ್ನತೊಡಗಿದರು.

"ಇನ್ನೊಂದು ತಗೊಳ್ಳಿ," ಎಂದ ಅಪ್ಪ ಕೊನೆಗೆ. "ನಿಮ್ಮ ಯಜಮಾನ್ರಿಗೆ."

ಮೇಲೆ ಕಿಟಕಿ ತೆರೆಯಿತು. ಎಲ್ಲರೂ ತಲೆ ಎತ್ತಿದರು.

"ಅಸೆನ್! ಏನಿದು ಗಲಾಟೆ?" ಪೆನ್ಕಾ ಅಜ್ಜಿ ಕೂಗಿದಳು. ಆಮೇಲೆ ಅವಳ ಕಣ್ಣು ಯಾರ ಮೇಲೋ ನಿಂತಿತು. "ಯಾರದು, ಸ್ತೊಯ್ನಾನಾ? ಬದುಕಿದೀಯೇನೇ ಮುದುಕಿ? ಒಂದು ವಾರದಿಂದ ಪತ್ತೇನೇ ಇಲ್ಲ!"

"ಎಲ್ಲಿಂದ ಬರ್ಲಿ, ಹಾರಿಕೊಂಡಾ?" ಕೆಳಗಿನಿಂದ ಹಿಂದಿನ ಬ್ಲಾಕಿನ ಸ್ತೊಯ್ನಾ ಅಜ್ಜಿ ಅಂದಳು. "ನಿನ್ ಮಂಚದ ಕೆಳಗಿನ ಗಾಳಿ ಹೇಗಿದೆ?"

"ಹಾಗೇ ಇದೆ! ಗೇಟಿಗೆ ಕಂಬಿ ಹಾಕ್ಸಿದಾರೆ. ಕಂಬಿಗೆ ಗಾಳಿ ನಿಲ್ಲುತ್ತಾ? ಬಾ ಮೇಲೆ, ಕಾಫಿ ಕುಡಿದು ಹೋಗು."

ಹತ್ತೂವರೆಗೆ ಮೇಜು ಖಾಲಿಯಾಯಿತು. ಮನೆಯವರಿಗೇ ಒಂದು ಲೋಟವೂ ಉಳಿಯಲಿಲ್ಲ. ಬಿಲ್ಯಾನಾ ತನ್ನ ಲೋಟವನ್ನು ನೆವೆನಾಳ ಮುಂದೆ ಹಿಡಿದಳು. ಇಬ್ಬರೂ ಒಂದೇ ಚಮಚದಲ್ಲಿ ತಿಂದರು.

*

ಸ್ಮಶಾನದಿಂದ ಮರಳಿದಾಗ ಮಧ್ಯಾಹ್ನವಾಗಿತ್ತು. ಅಪ್ಪ ಮೇಲೆ ಬರಲಿಲ್ಲ. "ಸುರಂಗ ಗುಡಿಸಿ ಬರ್ತೀನಿ," ಎಂದು ಕೆಳಗೇ ಉಳಿದ.

ನೆವೆನಾ ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಳು. ಗುಡಿಸಿ ಆದ ಮೇಲೆ ಅಪ್ಪ ಗೇಟು ಎಳೆಯುತ್ತಾನೆ. ಎಂಟನೇ ಮಹಡಿಗೆ ಆ ಸದ್ದು ಕೇಳುವುದಿಲ್ಲ ಎಂದು ಗೊತ್ತಿದ್ದರೂ ಅವಳು ಉಸಿರು ಹಿಡಿದು ಕಿವಿಗೊಟ್ಟಳು.

ಎಷ್ಟೋ ಹೊತ್ತಾಯಿತು. ಅಪ್ಪ ಬರಲಿಲ್ಲ. ಅವಳು ಕಿಟಕಿಗೆ ಮೂಗು ಒತ್ತಿ ಕೆಳಗೆ ನೋಡಿದಳು.

ಅಂಗಳದಲ್ಲಿ ಮರ ಮತ್ತೆ ಎದ್ದಿತ್ತು. ನಾಲ್ಕು ಬ್ಲಾಕಿನಿಂದ ನಾಲ್ಕು ಕೊಂಬೆ, ಕೂಡುತ್ತ ಕೂಡುತ್ತ ಬಂದು, ಸುರಂಗದ ಬಾಯಲ್ಲಿ ದಪ್ಪ ಕಾಂಡ. ಕಾಂಡದ ಬುಡದಲ್ಲಿ ಹಸಿರು ಗೇಟು ಗೋಡೆಗೆ ಒರಗಿ ನಿಂತಿತ್ತು. ಅದು ಅಲುಗಾಡದಂತೆ ಯಾರೋ ಮುಂದೆ ಸಿಪ್ಪೆಯ ಬಕೆಟ್ಟು ಇಟ್ಟಿದ್ದರು.

ಅಲ್ಲಿಂದ ಮುಂದೆ, ಅಂಗಳದ ನಡುವೆ, ಒಬ್ಬ ಮನುಷ್ಯ ಸಲಿಕೆಯಿಂದ ಹಿಮ ಎತ್ತಿ ಬದಿಗೆ ಹಾಕುತ್ತಿದ್ದ. ಸಿಮೆಂಟಿನ ದಾರಿಯ ಮೇಲಲ್ಲ. ಜನರ ಬೂಟು ಹೋದ ಗೆರೆಯ ಮೇಲೆ. ಹನ್ನೊಂದನೇ ಬ್ಲಾಕಿನ ಕೊಂಬೆ ಅರ್ಧ ಮುಗಿದಿತ್ತು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಒಂದು ಗಳಿಗೆ ನಿಂತು, ಮತ್ತೆ ಬಗ್ಗಿದ.

ನೆವೆನಾ ಕೊರಳಿನಿಂದ ಕೆಂಪು ದಾರ ತೆಗೆದು, ಗೋಡೆಯ ಮೇಲಿನ ಚಿತ್ರದ ಮೊಳೆಗೆ ಕೀಲಿಯನ್ನು ನೇತುಹಾಕಿದಳು. ಅದು ಸ್ವಲ್ಪ ಹೊತ್ತು ತೂಗಿ ಸುಮ್ಮನಾಯಿತು. ಆಮೇಲೆ ಅವಳು ಅಪ್ಪನ ಹಳೇ ಕೈಗವಸು ಹಾಕಿಕೊಂಡು, ಮೂಲೆಯಲ್ಲಿದ್ದ ಚಿಕ್ಕ ಸಲಿಕೆ ಎತ್ತಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದಳು.